ಬೆಸೆದು ಬಡಿಯೋದೋ, ಬಡಿದು ಬೆಸೆಯೋದೋ

ಪೀಣ್ಯ ಎರಡನೇ ಹಂತದ ಒಂದು ಸಣ್ಣ ಶೆಡ್ಡು. ನಾಲ್ಕು ಲೇತು, ಒಂದು ಮಿಲ್ಲಿಂಗ್ ಮೆಷಿನ್ನು, ಮೂಲೆಯಲ್ಲೊಂದು ಪ್ರೆಸ್ಸು. ಶನಿವಾರ ಮಧ್ಯಾಹ್ನ ಕರೆಂಟು ಹೋಗಿ ಮೆಷಿನ್ನುಗಳೆಲ್ಲ ಒಟ್ಟಿಗೆ ಬಾಯಿ ಮುಚ್ಚಿದ ಮೇಲೆ ಈ ಮಾತು ಶುರುವಾಯಿತು. ನಾನು ಪಂಪಿಗೊಂದು ಬುಷ್ ಮಾಡಿಸಿಕೊಳ್ಳಲು ಬಂದವನು. ಕರೆಂಟಿಗೆ ಕಾಯುವುದು ಬಿಟ್ಟರೆ ನನಗೂ ಬೇರೆ ಕೆಲಸವಿರಲಿಲ್ಲ.

ಮಾತಿಗಿಳಿದ ಇಬ್ಬರಲ್ಲಿ ಒಬ್ಬರು ಹಳಬರು. ಮೂವತ್ತು ವರ್ಷ ಫೋರ್ಜ್ ಶಾಪಿನಲ್ಲಿ ಫೋರ್‌ಮನ್ ಆಗಿದ್ದು, ಹ್ಯಾಮರಿನ ಸದ್ದಿಗೆ ಎಡಗಿವಿಯನ್ನು ಒಪ್ಪಿಸಿ ನಿವೃತ್ತರಾದವರು. ಶೆಡ್ಡು ತಮ್ಮನ ಮಗನದು. ಇವರು ದಿನಾ ಬಂದು ಬಾಗಿಲ ಬಳಿ ಸ್ಟೂಲ್ ಹಾಕಿಕೊಂಡು ಕೂರುತ್ತಾರೆ. ಇನ್ನೊಬ್ಬಳು ಹೊಸಬಳು. ಜರ್ಮನಿಯ ಹ್ಯಾನೋವರ್‌ನಲ್ಲಿ ಲೋಹ ರೂಪಿಸುವ ವಿದ್ಯೆ ಓದುತ್ತಿರುವ ಹುಡುಗಿ, ರಜೆಗೆ ಬಂದಿದ್ದಾಳೆ. ಅವಳು ಬ್ಯಾಗಿನಿಂದ ತೆಗೆದು ಮೇಜಿನ ಮೇಲಿಟ್ಟ ಗೇಣುದ್ದದ ಲೋಹದ ತುಂಡೇ ಜಗಳದ ಮೂಲ.

ಹಳಬರು: ಇದೇನಮ್ಮಾ, ಕಾಗದ ಹಾರದ ಹಾಗೆ ಇಡೋ ಗುಂಡೋ?

ಹೊಸಬಳು: ಶಾಫ್ಟು ಸಾರ್. ಉದ್ದಕ್ಕೆ ಸೀಳಿ, ಕನ್ನಡಿ ಹಾಗೆ ಪಾಲಿಶ್ ಮಾಡಿರೋದು. ಈ ಮಂಕಾಗಿರೋ ಅರ್ಧ ಉಕ್ಕು. ಬೆಳ್ಳಗಿರೋ ಅರ್ಧ ಅಲ್ಯೂಮಿನಿಯಂ.

ಹಳಬರು: ಬೋಲ್ಟಿಲ್ಲ, ಪಿನ್ನಿಲ್ಲ. ಗೆರೆ ಕಣ್ಣಿಗೆ ಕಾಣುತ್ತೆ, ಉಗುರಿಗೆ ಸಿಗಲ್ಲ. ಉಜ್ಜಿ ಬೆಸೆದಿದ್ದೀರಿ, ಅಲ್ವಾ?

ಹೊಸಬಳು: ಹೌದು, ಫ್ರಿಕ್ಷನ್ ವೆಲ್ಡಿಂಗ್. ಒಂದು ಸರಳು ನಿಂತಿರುತ್ತೆ, ಇನ್ನೊಂದು ಗಿರ್ರಂತ ತಿರುಗುತ್ತೆ. ಮುಖಕ್ಕೆ ಮುಖ ಉಜ್ಜಿ ಕಾದು ಮೆತ್ತಗಾದ ಕೂಡಲೇ ತಿರುಗೋದು ನಿಲ್ಲಿಸಿ ಒತ್ತಿಬಿಡೋದು.

ಹಳಬರು: ಅದೇನು ಹೊಸದಲ್ಲ ಬಿಡು. ರಷ್ಯಾದೋರು 1950ರ ದಶಕದಲ್ಲೇ ಮಾಡಿ ತೋರಿಸಿದ್ರು. ಆದ್ರೆ ಉಜ್ಜಿ ಬೆಸೆದಿದ್ರೆ ಗೆರೆ ನೆಟ್ಟಗಿರಬೇಕಿತ್ತು. ಇದು ಬಾಣಲೆ ತಳದ ಹಾಗೆ ಬಾಗಿದೆಯಲ್ಲ?

ಹೊಸಬಳು: ಅಲ್ಲೇ ಇರೋದು ವಿಷಯ. ಬೆಸೆದಾಗ ನೆಟ್ಟಗೇ ಇತ್ತು. ಬೆಸೆದ ಮೇಲೆ ಕಾಯಿಸಿ, ಅಚ್ಚಿನೊಳಗೆ ಹಾಕಿ ಒತ್ತಿದ್ವಿ. ಲೋಹ ಹರಿದಾಗ ಗೆರೆಯೂ ಅದರ ಜೊತೆ ಹರಿದು ಬಾಗ್ತು.

ಹಳಬರು ಕನ್ನಡಕ ಹಣೆಗೇರಿಸಿ ತುಂಡನ್ನು ಕಣ್ಣಿನ ಹತ್ತಿರ ಹಿಡಿದರು. ಕನ್ನಡದಲ್ಲಿ ಗಾಡಿಯ ಅಚ್ಚೂ ಅಚ್ಚೇ, ಒತ್ತುವ ಅಚ್ಚೂ ಅಚ್ಚೇ. ಇಲ್ಲಿ ಅಚ್ಚಿನಲ್ಲಿ ಒತ್ತಿದ್ದು ಅಚ್ಚನ್ನೇ. ಇದನ್ನು ಹೇಳಬೇಕೆಂದು ಬಾಯಿ ತೆರೆದೆ. ಇಬ್ಬರೂ ನನ್ನ ಕಡೆ ನೋಡುತ್ತಿರಲಿಲ್ಲ.

ಹಳಬರು: ಅಂದ್ರೆ ಬೆಸೆದಾದ ಮೇಲೆ ಬಡಿದಿದ್ದೀರಿ.

ಹೊಸಬಳು: ಬಡಿದಿಲ್ಲ, ಒತ್ತಿದ್ದೀವಿ.

ಹಳಬರು: ನಮ್ಮ ಶಾಪಿನಲ್ಲಿ ಎರಡಕ್ಕೂ ಒಂದೇ ಹೆಸರು. ಯಾರಿಗೆ ಹೊಳೀತಮ್ಮಾ ಈ ಉಲ್ಟಾ ಬುದ್ಧಿ? ಒಂದೊಂದನ್ನೂ ಬಡಿದು, ಕೆತ್ತಿ, ಹದ ಮಾಡಿ, ಕೊನೇಲಿ ಬೆಸೆಯೋದು ಪದ್ಧತಿ. ತಡಿ, ತೋರಿಸ್ತೀನಿ.

ಎದ್ದು ಹೋಗಿ ರ‍್ಯಾಕಿನಿಂದ ಎರಡು ವಸ್ತು ತಂದರು. ಒಂದು ಮುಕ್ಕಾಲು ಇಂಚಿನ ಡ್ರಿಲ್ ಬಿಟ್ಟು. ಇನ್ನೊಂದು ಯಾವುದೋ ಲಾರಿ ಎಂಜಿನ್ನಿನ ಹಳೆಯ ಎಕ್ಸಾಸ್ಟ್ ವಾಲ್ವು. ಅಣಬೆಯಂಥ ತಲೆ, ಸಣ್ಣ ಸರಳಿನಂಥ ಕಾಲು. ಮೊದಲು ಡ್ರಿಲ್ಲನ್ನು ವೈಸಿಗೆ ಕಚ್ಚಿಸಿ ಚಕ್ಕಿನೊಳಗೆ ಹೋಗುವ ಹಿಡಿಯ ಮೇಲೆ ಅರ ಎಳೆದರು. ಅರ ಕಚ್ಚಿತು, ಬೂದಿಯಂಥ ಪುಡಿ ಉದುರಿತು. ಅರವನ್ನು ಸುರುಳಿಯ ಕಡೆ ತಂದು ಎಳೆದರು. ಗಾಜಿನ ಮೇಲೆ ಎಳೆದ ಹಾಗೆ ಜಾರಿತು, ಗೀರೂ ಬೀಳಲಿಲ್ಲ.

ಹಳಬರು: ನೋಡಿದ್ಯಾ? ಕೊರೆಯೋ ಭಾಗ ಹೈಸ್ಪೀಡ್ ಸ್ಟೀಲು. ಹಿಡಿ ಸಾದಾ ಉಕ್ಕು. ದುಬಾರಿ ಮಾಲು ಎಲ್ಲಿ ಬೇಕೋ ಅಲ್ಲಿ ಮಾತ್ರ. ಇನ್ನು ಈ ವಾಲ್ವಿಗೆ ಮ್ಯಾಗ್ನೆಟ್ ಹಿಡಿ. ಕಾಲಿಗೆ ಅಂಟ್ತು. ತಲೆಗೆ?

ಹೊಸಬಳು: ಅಂಟಲ್ಲ. ತಲೆ ಆಸ್ಟೆನಿಟಿಕ್ ಉಕ್ಕು, ಕೆಂಪಗೆ ಕಾದ್ರೂ ತಡೆಯುತ್ತೆ. ಕಾಲು ಮಾರ್ಟೆನ್ಸಿಟಿಕ್, ಗೈಡಿನಲ್ಲಿ ಸವೆಯಲ್ಲ. ನನಗೂ ಇದೇ ಉದಾಹರಣೆ ಹೇಳಿ ಪಾಠ ಶುರು ಮಾಡಿದ್ರು ಸಾರ್.

ಹಳಬರು: ಹಾಗಾದ್ರೆ ಪಾಠದ ಕೊನೆ ನಾನು ಹೇಳ್ತೀನಿ ಕೇಳು. ವಾಲ್ವಿನ ತಲೆ ಬೇರೆ ಫೋರ್ಜ್ ಮಾಡಿ, ಆಮೇಲೆ ಕಾಲಿಗೆ ಉಜ್ಜಿ ಬೆಸೆಯೋದು ಸಾಮಾನ್ಯ. ಡ್ರಿಲ್ಲು ಬೆಸೆದ ಮೇಲೆ ಕೆತ್ತೋದಷ್ಟೆ, ಬಡಿಯೋದಿಲ್ಲ. ಬೆಸುಗೆ ಅನ್ನೋದು ಹಸಿ ಬಾಣಂತಿ ಇದ್ದ ಹಾಗೆ, ಅದರ ಮೇಲೆ ಭಾರ ಹೊರಿಸಬಾರದು.

ಹೊಸಬಳು: ನಾವು ಹೊರಿಸೋದೇ ಆ ಬೆಸುಗೆ ಗಟ್ಟಿಯಾಗಲಿ ಅಂತ. ಬೆಸುಗೆಯ ಆಸುಪಾಸಿನಲ್ಲಿ ಬಿಸಿಗೆ ಕಾಳು, ಅಂದ್ರೆ ಲೋಹದ ಒಳಗಿನ ಹರಳು, ದಪ್ಪ ಆಗಿರಬಹುದು. ಕರಗಿಸಿ ಬೆಸೆದಿದ್ರಂತೂ ಎರಕದ ಹಾಗೆ ಒರಟು, ಒಳಗೆ ಗುಳ್ಳೆ. ಬಿಸಿಯಲ್ಲಿ ಒತ್ತಿದ್ರೆ ಗುಳ್ಳೆ ಮುಚ್ಚುತ್ತೆ, ಕಾಳು ಒಡೆದು ಸಣ್ಣಗಾಗುತ್ತೆ. ಎರಕದ ಉಕ್ಕಿಗೂ ಫೋರ್ಜ್ ಆದ ಉಕ್ಕಿಗೂ ಇರೋ ವ್ಯತ್ಯಾಸ ನಿಮಗೆ ನಾನು ಹೇಳಬೇಕಾ? ಅದೇ ಉಪಕಾರ ಬೆಸುಗೆಗೂ ಆಗಲಿ ಅಂತ. ಇನ್ನೊಂದು, ಎರಡು ದುಂಡು ಸರಳು ಬೆಸೆಯೋದು ಸುಲಭ. ಮೆಟ್ಟಿಲು ಮೆಟ್ಟಿಲಾಗಿ ರೂಪ ಬಂದ ಎರಡು ತುಂಡನ್ನ ಸೆಂಟರ್ ತಪ್ಪದ ಹಾಗೆ ಬೆಸೆಯೋದು ತಲೆನೋವು.

ಹಳಬರು: ಸೆಂಟರ್ ವಿಷಯ ಒಪ್ಪಿದೆ. ಮುಂದೆ?

ಹೊಸಬಳು: ಇದಕ್ಕೆ ಟೈಲರ್ಡ್ ಫಾರ್ಮಿಂಗ್ ಅಂತ ಹೆಸರು. ಹ್ಯಾನೋವರ್‌ನ ಲೈಬ್ನಿಜ್ ವಿಶ್ವವಿದ್ಯಾಲಯದಲ್ಲಿ 2015ರಲ್ಲಿ ದೊಡ್ಡ ಸಂಶೋಧನಾ ಕೂಟವೇ ಶುರುವಾಯ್ತು. ಬೆಸೆಯೋರು, ಒತ್ತೋರು, ಹದ ಮಾಡೋರು, ಲೇತು ಹಿಡಿಯೋರು, ಪರೀಕ್ಷೆ ಮಾಡೋರು, ಎಲ್ಲರೂ ಒಂದೇ ಸಾಲಿನಲ್ಲಿ. ಶಾಫ್ಟು, ಬೆವೆಲ್ ಗೇರು, ಬೇರಿಂಗ್ ಬುಷ್ ಮಾಡಿ ನೋಡ್ತಾರೆ.

ಹಳಬರು: ಟೈಲರ್ ಅಂದ್ರೆ ದರ್ಜಿ. ಅಳತೆ ತಗೊಂಡು ಹೊಲಿಯೋದು ಸರಿ. ನೀವು ಬಟ್ಟೆ ಹೊಲಿದಾದ ಮೇಲೆ ಅಂಗಿಯನ್ನ ಎಳೆದು ಉದ್ದ ಮಾಡ್ತಿದ್ದೀರಿ. ಹೊಲಿಗೆ ಬಿಡಲ್ವಾ?

ಹೊಸಬಳು: ತಗಡಿನಲ್ಲಿ ಬಿಟ್ಟಿಲ್ಲವಲ್ಲ. ಕಾರಿನ ಬಾಗಿಲಿಗೆ ದಪ್ಪ ತಗಡು ತೆಳು ತಗಡು ಲೇಸರಿನಲ್ಲಿ ಜೋಡಿಸಿ, ಆಮೇಲೆ ಪ್ರೆಸ್ಸಿಗೆ ಹಾಕೋದು 1980ರ ದಶಕದಿಂದ ನಡೀತಿದೆ. ನಾವು ಅದನ್ನ ಗಟ್ಟಿ ಸರಳಿಗೆ ತರ್ತಿದ್ದೀವಿ.

ಹಳಬರು: ಅಲ್ಲಿ ಉಕ್ಕಿಗೆ ಉಕ್ಕು. ಸ್ವಜಾತಿ ಸಂಬಂಧ. ಇಲ್ಲಿ ನೀನು ಉಕ್ಕಿಗೂ ಅಲ್ಯೂಮಿನಿಯಂಗೂ ಗಂಟು ಹಾಕಿದ್ದೀಯ. ಅಲ್ಯೂಮಿನಿಯಂ 660 ಡಿಗ್ರಿಗೆ ನೀರಾಗುತ್ತೆ. ಉಕ್ಕನ್ನ ಫೋರ್ಜ್ ಮಾಡೋಕೆ ನಾವು 1200ರ ಹತ್ತಿರ ಕಾಯಿಸ್ತಿದ್ವಿ. ಒಂದು ಎಳೆ ಬಿಸಿಲಿಗೆ ಬಾಡುತ್ತೆ, ಇನ್ನೊಂದಕ್ಕೆ ಕೆಂಡವೂ ಸಾಲದು. ಇಬ್ಬರನ್ನೂ ಒಂದೇ ಒಲೆ ಮುಂದೆ ಹೇಗೆ ಕೂರಿಸ್ತೀಯ?

ಹೊಸಬಳು: ಒಂದೇ ಒಲೆಯಲ್ಲ. ಇಂಡಕ್ಷನ್ ಕಾಯಿಲನ್ನ ಉಕ್ಕಿನ ತುದಿಗೆ ಮಾತ್ರ ಹಾಕೋದು. ಕೆಲವೇ ಸೆಕೆಂಡು. ಉಕ್ಕಿನ ತುದಿ 900 ದಾಟಬೇಕು, ಅಲ್ಯೂಮಿನಿಯಂ 500ರ ಆಸುಪಾಸಿನಲ್ಲೇ ನಿಲ್ಲಬೇಕು. ಅಲ್ಯೂಮಿನಿಯಂ ಬಿಸಿಯನ್ನ ಬೇಗ ಎಳ್ಕೊಳುತ್ತೆ, ಅದಕ್ಕೇ ತಡ ಮಾಡೋ ಹಾಗಿಲ್ಲ. ಬೇಕಾದ್ರೆ ಆ ಕಡೆಯಿಂದ ತಂಪು ಕೊಡೋದು. ನಮ್ಮಮ್ಮ ಹೋಳಿಗೆ ಮಾಡೋವಾಗ ಹೇಳ್ತಾರಲ್ಲ, ಕಣಕ ಹೂರಣ ಒಂದೇ ಹದಕ್ಕೆ ಬರಬೇಕು ಅಂತ, ಹಾಗೆ. ಹೂರಣ ಗಟ್ಟಿ, ಕಣಕ ಮೆತ್ತಗಾದ್ರೆ ಲಟ್ಟಿಸುವಾಗ ಹರಿಯುತ್ತೆ. ಎರಡು ಲೋಹದ ಹದ ಕೂಡಿಸಬೇಕು ಅಂದ್ರೆ ಎರಡಕ್ಕೂ ಬೇರೆ ಬೇರೆ ಬಿಸಿ.

ಈ ಮಾತಿಗೆ ಹಳಬರು ತಲೆಯಾಡಿಸಿದರು. ಹೋಳಿಗೆಯ ಹದ ಅವರ ಮನೆಯಲ್ಲೂ ಯಾರೋ ಹೇಳಿರಬೇಕು. ಆದರೆ ಸುಮ್ಮನಾಗಲಿಲ್ಲ.

ಹಳಬರು: ಕಣಕ ಹೂರಣದ ನಡುವೆ ವಿಷ ಹುಟ್ಟಲ್ಲ. ಕಬ್ಬಿಣ ಅಲ್ಯೂಮಿನಿಯಂ ಕಾದು ಕೂತ್ರೆ ನಡುವೆ ಮೂರನೆಯ ಪದಾರ್ಥ ಹುಟ್ಟುತ್ತೆ. ಗಾಜಿನ ಹಾಗೆ ಗಡಸು, ಗಾಜಿನ ಹಾಗೇ ಪುಡಿ. ಅದು ನನಗೆ ಗೊತ್ತು, ಏಟು ತಿಂದು ಕಲಿತಿದ್ದೀನಿ.

ಹೊಸಬಳು: ನಿಜ. ಎರಡೂ ಕೂಡಿ ಹುಟ್ಟೋ ಸಂಯುಕ್ತಗಳು. ಬಿಸಿ ಹೆಚ್ಚಾದಷ್ಟೂ, ಹೊತ್ತು ಕಳೆದಷ್ಟೂ ಆ ಪದರ ದಪ್ಪವಾಗುತ್ತೆ. ಕೆಲವೇ ಮೈಕ್ರಾನಿನಲ್ಲಿ ಹಿಡಿದಿಟ್ರೆ ತೊಂದರೆ ಇಲ್ಲ, ನಿಜ ಹೇಳಬೇಕು ಅಂದ್ರೆ ಅಷ್ಟಿದ್ರೇನೇ ಎರಡೂ ಅಂಟಿವೆ ಅನ್ನೋದಕ್ಕೆ ಗುರುತು. ದಪ್ಪ ಆದ್ರೆ ಒತ್ತುವಾಗಲೇ ಬಿರುಕು. ಅದಕ್ಕೇ ಹೇಳಿದ್ದು, ಎಲ್ಲಾ ಸೆಕೆಂಡಿನ ಲೆಕ್ಕ.

ಹಳಬರು: ಒಪ್ಪೋಣ, ಚೆನ್ನಾಗಿ ಒತ್ತಿದ್ದೀರಿ. ಇಬ್ಬರೂ ಕೂಡಿ ಬಾಳಬೇಕಲ್ಲ? ಅಲ್ಯೂಮಿನಿಯಂ ಉಕ್ಕಿನ ಹತ್ತಿರ ಹತ್ತಿರ ಎರಡು ಪಟ್ಟು ಹಿಗ್ಗುತ್ತೆ. 30 ಮಿ.ಮೀ. ಶಾಫ್ಟಿನ ಮುಖದಲ್ಲಿ 100 ಡಿಗ್ರಿ ಏರಿದ್ರೆ 33 ಮೈಕ್ರಾನ್ ಎಳೆದಾಟ. ನಿನ್ನ ಪದರಾನೇ ಕೆಲವು ಮೈಕ್ರಾನು. ದಿನಾ ಕಾಯುತ್ತೆ, ದಿನಾ ಆರುತ್ತೆ. ಹದ ಹೇಗೆ ಮಾಡ್ತೀಯ ಅದನ್ನೂ ಹೇಳು. ಉಕ್ಕಿನ ಹೊರಮೈ ಗಡಸಾಗೋಕೆ ಕೇಸ್ ಹಾರ್ಡನಿಂಗ್ ಮಾಡೋಣ ಅಂತ 900 ಡಿಗ್ರಿ ಕುಲುಮೆಯಲ್ಲಿ ಗಂಟೆಗಟ್ಟಲೆ ಇಟ್ರೆ ಇನ್ನರ್ಧ ಕುಲುಮೆ ತಳದಲ್ಲಿ ಕೆರೆ ಆಗಿರುತ್ತೆ.

ಹೊಸಬಳು: ಅಲ್ಲಿ ಕಷ್ಟ ಇದೆ. ಉಕ್ಕಿನ ಕಡೆ ಮಾತ್ರ ಇಂಡಕ್ಷನ್ನಲ್ಲಿ ಕಾಯಿಸಿ ಅಲ್ಲೇ ನೀರು ಚಿಮ್ಮಿ ಗಡಸು ಮಾಡಬೇಕು. ಅಲ್ಯೂಮಿನಿಯಂ ಕಡೆಗೆ ಅದರದೇ ಬೇರೆ ಹದ, ಕೊನೆಗೆ 170–180 ಡಿಗ್ರಿಯಲ್ಲಿ ಕೆಲವು ಗಂಟೆ ಮಾಗಿಸೋದು. ಒಂದರ ಔಷಧ ಇನ್ನೊಂದಕ್ಕೆ ತಾಗದ ಹಾಗೆ.

ಹಳಬರು: ಸವತಿಯರ ಸಂಸಾರ. ಇಷ್ಟೆಲ್ಲಾ ಗೋಳು ಯಾತಕ್ಕೆ?

ಹೊಸಬಳು: ತೂಕಕ್ಕೆ. ಲೆಕ್ಕ ಹಾಕಿ. 30 ಮಿ.ಮೀ. ದಪ್ಪ, 200 ಮಿ.ಮೀ. ಉದ್ದದ ಉಕ್ಕಿನ ಶಾಫ್ಟು 1,110 ಗ್ರಾಂ. ಅರ್ಧ ಅಲ್ಯೂಮಿನಿಯಂ ಮಾಡಿದ್ರೆ 746. ಮೂರರಲ್ಲೊಂದು ಪಾಲು ತೂಕ ಹೋಯ್ತು. ತಿರುಗೋ ತೂಕ ಅದು. ಪ್ರತಿ ಸಲ ಎಬ್ಬಿಸಬೇಕು, ಪ್ರತಿ ಸಲ ನಿಲ್ಲಿಸಬೇಕು.

ಹಳಬರು ಜೇಬಿನಿಂದ ಸೀಮೆಸುಣ್ಣ ತೆಗೆದರು. ಪ್ರೆಸ್ಸಿನ ಮೈಯೇ ಅವರ ಬೋರ್ಡು.

ಹಳಬರು: ಇಲ್ಲಿ ನೀನು ಮೋಸ ಮಾಡ್ತಿದ್ದೀಯ. ತಿರುಚುವ ಬಲ ಈ ತುದಿಯಿಂದ ಆ ತುದಿವರೆಗೂ ಒಂದೇ. ಅಲ್ಯೂಮಿನಿಯಂ ತುಂಡಿಗೆ ಬಂದ ಕೂಡಲೇ ಅದೇನು ರಿಯಾಯಿತಿ ಕೊಡಲ್ಲ. ಅಲ್ಯೂಮಿನಿಯಂ ಬಲ ಒಳ್ಳೇ ಉಕ್ಕಿನ ಮೂರರಲ್ಲಿ ಒಂದು ಅಂತಿಟ್ಕೊ. ಅಷ್ಟೇ ಬಲ ಹೊರಬೇಕು ಅಂದ್ರೆ ದಪ್ಪ 1.44 ಪಟ್ಟು ಆಗಬೇಕು. 30 ಇದ್ದದ್ದು 43 ಆಯ್ತು. ಆ ಅರ್ಧದ ತೂಕ 555 ಗ್ರಾಮಿಂದ ಸುಮಾರು 400ಕ್ಕೆ ಇಳೀತು, ಅಷ್ಟೇ. 364 ಗ್ರಾಂ ಉಳಿಸ್ತೀನಿ ಅಂದೋಳು 160ಕ್ಕೆ ಬಂದೆ. ಬೇರಿಂಗು, ಹೌಸಿಂಗು ಎಲ್ಲಾ ದೊಡ್ಡದಾಯ್ತು, ಅದರ ತೂಕ ಬೇರೆ.

ಹೊಸಬಳು: ನೀವು ಇಡೀ ಶಾಫ್ಟು ಬಲ ಹೊರುತ್ತೆ ಅಂತ ಇಟ್ಕೊಂಡಿದ್ದೀರಿ. ಗೇರ್ ಬಾಕ್ಸಲ್ಲಿ ಒಂದು ಗೇರಿನಿಂದ ಇನ್ನೊಂದು ಗೇರಿನವರೆಗೆ ಮಾತ್ರ ತಿರುಚು. ಅದರಾಚೆ ಬೇರಿಂಗಿನವರೆಗೆ ಚಾಚಿಕೊಂಡಿರೋ ಬಾಲ ಬರೀ ಬಾಗುವ ಬಲ ಹೊರೋದು. ಅಲ್ಲಿ ಅಲ್ಯೂಮಿನಿಯಂ ಸಾಕು. ಎಲ್ಲಾ ಕಡೆ ಹಾಕಿ ಅಂತ ಯಾರು ಹೇಳಿದ್ರು?

ಹಳಬರು: ಹ್ಞೂಂ.

ಹೊಸಬಳು: ಉದ್ದಕ್ಕೆ ಜೋಡಿಸೋದು ಒಂದು ದಾರಿ. ಒಳಗೆ ಅಲ್ಯೂಮಿನಿಯಂ, ಹೊರಗೆ ಉಕ್ಕು, ಹಾಗೂ ಮಾಡಬಹುದು. ತಿರುಚಿನ ಬಲ ಹೊರಮೈಯಲ್ಲೇ ಹೆಚ್ಚು, ನಡುಮಧ್ಯದಲ್ಲಿ ಸೊನ್ನೆ. ತಿರುಳಿನ ಉಕ್ಕು ಸಂಬಳ ತಗೊಂಡು ಸುಮ್ಮನೆ ಕೂತಿರುತ್ತೆ.

ಹಳಬರು: ಹಾಗಾದ್ರೆ ಕೊರೆದು ಬಿಸಾಕಿ! ದಪ್ಪದ ಅರ್ಧದಷ್ಟು ತೂತು ಹೊಡೆದ್ರೆ ತೂಕದಲ್ಲಿ ಕಾಲು ಭಾಗ ಹೋಗುತ್ತೆ, ಬಲದಲ್ಲಿ ಹದಿನಾರರಲ್ಲಿ ಒಂದು ಭಾಗ ಹೋಗುತ್ತೆ. ಗಾಳಿಗೆ ಕಾಸಿಲ್ಲ, ಗಾಳಿ ಬೆಸೆಯೋದೂ ಬೇಕಿಲ್ಲ, ಗಾಳಿಗೂ ಉಕ್ಕಿಗೂ ನಡುವೆ ಗಾಜು ಹುಟ್ಟೋದೂ ಇಲ್ಲ. ಬಿದಿರು ಯಾರ ಹತ್ತಿರ ಓದಿತ್ತಮ್ಮಾ?

ಹುಡುಗಿ ನಕ್ಕುಬಿಟ್ಟಳು. ಟೊಳ್ಳು ಶಾಫ್ಟಿಗೆ ಅವಳ ಬಳಿ ಒಳ್ಳೆಯ ಉತ್ತರವಿದ್ದಂತೆ ಕಾಣಲಿಲ್ಲ. ಮೆಟ್ಟಿಲು ಮೆಟ್ಟಿಲಾದ ಶಾಫ್ಟಿಗೆ ನೆಟ್ಟಗಿನ ತೂತು ಎಲ್ಲ ಕಡೆ ಆಗುವುದಿಲ್ಲ, ಟೊಳ್ಳು ಸರಳನ್ನು ಒತ್ತಿದರೆ ಒಳಗೆ ಕುಸಿಯುತ್ತದೆ ಎಂದೇನೋ ಹೇಳಿದಳು. ಆದರೆ ಆ ಸುತ್ತು ಹಳಬರದೇ ಎಂದು ಅವಳ ಮುಖವೇ ಹೇಳುತ್ತಿತ್ತು. ಹೊರಗೆ ಟೀ ಹುಡುಗ ಬಂದ. ಮೂರು ಲೋಟ ಮೇಜಿಗೆ ಬಂದವು.

ಹಳಬರು: ನಿನಗೊಂದು ಕಥೆ ಹೇಳ್ತೀನಿ. ಒಂದು ಕಾರ್ಖಾನೆ, ಹೆಸರು ಬೇಡ. ಪಂಪಿನ ಶಾಫ್ಟು ಬೇರಿಂಗ್ ಕೂರೋ ಜಾಗದಲ್ಲಿ ಸವೆದಿತ್ತು. ಅರ್ಜೆಂಟು ಅಂದ್ರು. ನಾನೇ ನಿಂತು ಮೇಲೆ ವೆಲ್ಡಿಂಗ್ ತುಂಬಿಸಿ, ಲೇತಿನಲ್ಲಿ ಸರಿ ಮಾಡಿಸಿ ಕೊಟ್ಟೆ. ಕೈಯಲ್ಲಿ ಸವರಿದ್ರೆ ಹೊಸದು. ನಾಲ್ಕನೇ ತಿಂಗಳು ನಡುರಾತ್ರಿ ಫೋನು, ಮುರಿದುಹೋಯ್ತು ಅಂತ. ಹೋಗಿ ನೋಡ್ತೀನಿ, ಮುರಿದ ಮುಖದ ಮೇಲೆ ಗೆರೆ ಗೆರೆ ಗೆರೆ. ಬೇಸಗೆಯಲ್ಲಿ ಕೆರೆ ಇಳಿಯುವಾಗ ದಂಡೆ ಮೇಲೆ ನೀರು ಬಿಟ್ಟು ಹೋಗೋ ಗೆರೆ ನೋಡಿದ್ದೀಯಲ್ಲ, ಅದೇ. ದಿನಕ್ಕೊಂದಿಷ್ಟು ಬಿರುಕು ಮುಂದೆ ಹೋಗಿದೆ. ಆ ಗೆರೆಗಳೆಲ್ಲ ಎಲ್ಲಿಂದ ಹೊರಟಿದ್ವು ಹೇಳು?

ಹೊಸಬಳು: ಬೆಸುಗೆಯ ಅಂಚಿನಿಂದ.

ಹಳಬರು: ಸಾಸಿವೆ ಕಾಳಿನಷ್ಟು ಒಂದು ಗುಳ್ಳೆಯಿಂದ. ಅದನ್ನ ಇನ್ನೂ ಮರೆತಿಲ್ಲ ನಾನು. ಶಾಫ್ಟು ಒಂದು ಸುತ್ತಿಗೆ ಒಂದು ಸಲ ಮೇಲೆ ಕೆಳಗೆ ಬಾಗುತ್ತೆ. ನಿಮಿಷಕ್ಕೆ 1,440 ಸುತ್ತು ಅಂದ್ರೆ ದಿನಕ್ಕೆ ಇಪ್ಪತ್ತು ಲಕ್ಷ ಸಲ. ಉಕ್ಕಿಗಾದ್ರೂ ಒಂದು ಮಿತಿ ಇದೆ, ಅದರ ಕೆಳಗೆ ಎಷ್ಟು ಬಾಗಿಸಿದ್ರೂ ತಡ್ಕೊಳುತ್ತೆ. ಅಲ್ಯೂಮಿನಿಯಂಗೆ ಅಂಥ ಗಟ್ಟಿ ಮಿತಿಯೇ ಇಲ್ಲ. ಯಲಹಂಕದ ರೈಲ್ ವೀಲ್ ಫ್ಯಾಕ್ಟರಿ 1984ರಿಂದ ನಡೀತಿದೆ. ಅಲ್ಲಿ ರೈಲಿನ ಅಚ್ಚು ಒಂದೇ ಉಕ್ಕಿನ ತುಂಡನ್ನ ಬಡಿದು ಮಾಡೋದು. ಗಾಲಿ ಬೇರೆ ಎರಕ ಹೊಯ್ದು, ಒತ್ತಿ ಕೂರಿಸೋದು. ಬೆಸುಗೆ ಒಂದೂ ಇಲ್ಲ. ಯಾಕೆ ಅಂತ ಆ ರಾತ್ರಿ ನನಗೆ ಗೊತ್ತಾಯ್ತು.

ಹೊಸಬಳು: ಆ ಗುಳ್ಳೆ ಯಾಕೆ ಉಳೀತು ಸಾರ್? ವೆಲ್ಡಿಂಗ್ ತುಂಬಿಸಿ ನೇರವಾಗಿ ಲೇತಿಗೆ ಹಾಕಿದ್ರಿ. ನಡುವೆ ಅದನ್ನ ಬಿಸಿಯಲ್ಲಿ ಒತ್ತಿದ್ರೆ?

ಹಳಬರು: ...ಸಿದ್ಧವಾದ ಶಾಫ್ಟನ್ನ ಎಲ್ಲಿ ಒತ್ತಲಿ?

ಹೊಸಬಳು: ಅದೇ ನಾನು ಹೇಳ್ತಿರೋದು. ಸಿದ್ಧವಾದ ಮೇಲೆ ಆಗಲ್ಲ. ಆಗೋಕೆ ಮುಂಚೆ ಆಗಬೇಕು. ಉಕ್ಕು ಅಲ್ಯೂಮಿನಿಯಂ ಬಿಡಿ, ಉಕ್ಕಿಗೆ ಉಕ್ಕನ್ನೇ ತಗೊಳ್ಳಿ. ಸಾದಾ ಕಮ್ಮಿ ಕಾರ್ಬನ್ನಿನ ಸರಳು. ಬೇರಿಂಗ್ ಕೂರೋ ಜಾಗದಲ್ಲಿ ಮಾತ್ರ ಗಡಸು ಉಕ್ಕನ್ನ ಲೇಸರಿನಲ್ಲೋ ಪ್ಲಾಸ್ಮಾದಲ್ಲೋ ಕರಗಿಸಿ ಪಟ್ಟಿ ಬಳಿಯೋದು. ಆಮೇಲೆ ಇಡೀ ಸರಳನ್ನ ಕಾಯಿಸಿ ಕ್ರಾಸ್ ವೆಜ್ ರೋಲಿಂಗ್.

ಹಳಬರು: ಅದು ನೋಡಿದ್ದೀನಿ. ಎರಡು ಹಲಗೆ, ಮೇಲೆ ಬೆಣೆ ಥರ ಏಣು, ಒಂದು ಆ ಕಡೆ ಒಂದು ಈ ಕಡೆ ಸರಿಯುತ್ತೆ. ನಡುವೆ ಸರಳು ಉರುಳುತ್ತಾ ಉರುಳುತ್ತಾ ಸೊಂಟ ಸಣ್ಣ ಮಾಡ್ಕೊಳುತ್ತೆ. ಎರಡು ಅಂಗೈ ನಡುವೆ ಬತ್ತಿ ಹೊಸೆದ ಹಾಗೆ.

ಹೊಸಬಳು: ಬತ್ತಿ ಹೊಸೆದ ಹಾಗೇ! ಹಾಗೆ ಹೊಸೆದಾಗ ಬಳಿದ ಪಟ್ಟಿಯೂ ಜೊತೆಗೆ ಹೊಸೆದು ಹೋಗುತ್ತೆ. ಎರಕದಂಥ ಕಾಳು ಮುರಿಯುತ್ತೆ. ಗಡಸು ಉಕ್ಕು ಎಲ್ಲಿ ಬೇಕೋ ಅಲ್ಲಿ ಮಾತ್ರ, ಬೇರಿಂಗಿನ ಒಳಬಳೆಯೇ ಬೇಡ, ಉರುಳೆಗಳು ನೇರವಾಗಿ ಶಾಫ್ಟಿನ ಮೇಲೇ ಓಡಬಹುದು.

ಹಳಬರು: ಹೊಸೆಯುವಾಗ ಬತ್ತಿಯ ನಡು ಟೊಳ್ಳಾಗೋದೂ ಇದೆ, ಮರೀಬೇಡ. ರೋಲಿಂಗ್ ತಪ್ಪಿದ್ರೆ ತಿರುಳಿನಲ್ಲಿ ಬಿರುಕು ಬಿಡುತ್ತೆ, ಹೊರಗಿಂದ ಗೊತ್ತೇ ಆಗಲ್ಲ. ಬಳಿದ ಪಟ್ಟಿ ಒಂದು ಕಡೆ ತೆಳು, ಒಂದು ಕಡೆ ದಪ್ಪ ಆಗಲ್ವಾ?

ಹೊಸಬಳು: ಆಗುತ್ತೆ. ಬೆಣೆಯ ಕೋನ, ವೇಗ, ಬಿಸಿ ಎಲ್ಲಾ ಹುಡುಕಬೇಕು. ಆಮೇಲೆ ಅಲ್ಟ್ರಾಸೌಂಡ್ ಇಟ್ಟು ಒಳಗೆ ನೋಡಬೇಕು.

ಹಳಬರು: ಉಕ್ಕಿಗೆ ಉಕ್ಕು ಅಂದ ಮೇಲೆ ನನ್ನ ವಾದ ಅರ್ಧ ಬಿತ್ತು ಅಂತಿಟ್ಕೊ. ಆದ್ರೂ ಕೇಳು. ಮಂಡ್ಯದ ಕಡೆ ಕಬ್ಬು ಅರೆಯೋ ರೋಲರ್ ನೋಡಿದ್ದೀಯಾ? ಅದೂ ಎರಡು ಲೋಹವೇ. ಒಳಗೆ ಫೋರ್ಜ್ ಮಾಡಿದ ಉಕ್ಕಿನ ಶಾಫ್ಟು, ಹೊರಗೆ ಬೀಡು ಕಬ್ಬಿಣದ ಚಿಪ್ಪು. ಚಿಪ್ಪನ್ನ ಕಾಯಿಸಿ ಹಿಗ್ಗಿಸಿ ತೊಡಿಸ್ತಾರೆ, ಆರಿದಾಗ ಕಚ್ಚಿಕೊಳ್ಳುತ್ತೆ. ನಮ್ಮೂರ ಆಚಾರಿ ಗಾಡಿ ಗಾಲಿಗೆ ಹಳಿ ಹಾಕ್ತಿದ್ದದ್ದೂ ಹೀಗೇ. ಬೆರಣಿ ಬೆಂಕಿಯಲ್ಲಿ ಹಳಿ ಕೆಂಪಗೆ ಮಾಡಿ, ಇಕ್ಕಳದಲ್ಲಿ ಎತ್ತಿ ಗಾಲಿಗೆ ಇಳಿಸಿ, ಬಿಂದಿಗೆ ಬಿಂದಿಗೆ ನೀರು. ಹೊಗೆ, ಬುಸ್ಸ್ ಅಂತ ಸದ್ದು, ಆರೆಕಾಲುಗಳೆಲ್ಲ ಕಟಕಟ ಅಂತ ಗುಂಭಕ್ಕೆ ಬಿಗಿಯೋವು. ಹಳಿ ಸವೆದ್ರೆ? ಬಿಚ್ಚು, ಹೊಸದು ಹಾಕು. ಚಿಪ್ಪು ಸವೆದ್ರೆ? ಬಿಚ್ಚು, ಅದೇ ಶಾಫ್ಟಿಗೆ ಹೊಸ ಚಿಪ್ಪು. ನಿನ್ನದು ಸವೆದ್ರೆ ಏನ್ಮಾಡ್ಲಿ?

ಹೊಸಬಳು: ಬಿಚ್ಚೋಕಾಗಲ್ಲ. ಆದ್ರೆ ಹಳಿ ಸಡಿಲ ಆಗ್ತಿತ್ತಲ್ವಾ? ಬೇಸಗೆಯಲ್ಲಿ ಮರ ಒಣಗಿ ಗಾಲಿಯನ್ನ ಕೆರೆಯಲ್ಲಿ ನೆನೆಹಾಕ್ತಿದ್ರು ಅಂತ ನಮ್ಮಜ್ಜ ಹೇಳ್ತಿದ್ರು.

ಹಳಬರು: ಹಾಕ್ತಿದ್ವಿ. ಎತ್ತಿಗೂ ನೀರು ಕುಡಿದಂಗಾಯ್ತು, ಗಾಲಿಗೂ ಕುಡಿದಂಗಾಯ್ತು.

ಟೀ ಮುಗಿದಿತ್ತು. ಹಳಬರು ಲೋಟ ಕೆಳಗಿಟ್ಟು ಸ್ವಲ್ಪ ಹೊತ್ತು ಸುಮ್ಮನೆ ಕೂತರು. ಆಮೇಲೆ ಬೆಂಚಿನ ಕೆಳಗೆ ಕೈ ಹಾಕಿ ಒಂದು ಕೊಡಲಿ ಎಳೆದರು. ಕಾವು ಹೊಸದು, ಅಲಗು ಹಳೆಯದು. ಕಟ್ಟಿಗೆ ಸೀಳಲು ಶೆಡ್ಡಿನಲ್ಲಿ ಇಟ್ಟಿದ್ದಂತೆ. ಅಲಗಿನ ತುದಿಯಿಂದ ಎರಡು ಬೆರಳಿನಷ್ಟು ಹಿಂದೆ, ತುಕ್ಕಿನ ನಡುವೆ, ಅಡ್ಡಕ್ಕೆ ಹೋದ ಒಂದು ಮಾಸಲು ಗೆರೆ. ಉಗುರಿಗೆ ಅದೂ ಸಿಗುತ್ತಿರಲಿಲ್ಲ.

ಹೊಸಬಳು: ಇದು...

ಹಳಬರು: ನಮ್ಮಪ್ಪ ಮಾಡಿದ್ದು. ಮೈ ಮೆತ್ತನೆ ಕಬ್ಬಿಣ, ಬಾಯಿ ಉಕ್ಕು. ಕಬ್ಬಿಣ ಸೀಳಿ, ಬಾಯೊಳಗೆ ಉಕ್ಕಿನ ತುಂಡು ಕಚ್ಚಿಸಿ, ಬಿಳಿಗಾರ ಉದುರಿಸಿ, ಕುಲುಮೆಯಲ್ಲಿ ಕಿಡಿ ಹಾರೋವರೆಗೂ ಕಾಯಿಸೋರು. ನಾನು ತಿದಿ ಒತ್ತೋನು. ಬೆಳ್ಳಗೆ ಬಂದ ಕೂಡಲೇ ಅಡಿಗಲ್ಲಿಗೆ.

ಹೊಸಬಳು: ಬೆಸೆದ ಮೇಲೆ ಅಲಗು ಬಡಿದು ಅಗಲ ಮಾಡೋರೋ, ಅಗಲ ಮಾಡಿ ಬೆಸೆಯೋರೋ?

ಹಳಬರು ಉತ್ತರ ಕೊಡಲು ತುಸು ಹೊತ್ತು ತೆಗೆದುಕೊಂಡರು. ಹುಡುಗಿ ಕಾದಳು. ಗೆದ್ದ ಮುಖ ಮಾಡಲಿಲ್ಲ, ಅದು ಅವಳ ದೊಡ್ಡತನ ಅನ್ನಿಸಿತು ನನಗೆ.

ಹಳಬರು: ಬೆಸೆದೇ ಬಡಿಯೋರು. ಮುದ್ದೆ ಇದ್ದಾಗಲೇ ಬೆಸೆದು, ಆಮೇಲೆ ರೂಪಕ್ಕೆ ತರೋರು. ನೀನು ಅದನ್ನ ಹಿಡ್ಕೊಂಡು ಕುಣೀಬೇಡ. ಕಬ್ಬಿಣ ಉಕ್ಕು ಒಂದೇ ಬೆಂಕಿಗೆ ಬೆಳ್ಳಗಾಗುತ್ತವೆ. ಮೇಲಾಗಿ, ಬಾಯಿ ಸವೆದ್ರೆ ರೈತ ಕೊಡಲಿ ತಂದು ಹಾಕೋನು, ಉಕ್ಕು ಹಾಕ್ಕೊಡಿ ಅಂತ. ಈ ಕೊಡಲಿಗೆ ಎರಡು ಸಲ ಉಕ್ಕು ಹಾಕಿದೆ. ನೀನು ಈ ಶಾಫ್ಟನ್ನ ಪೀಣ್ಯದಲ್ಲಿ ಎಲ್ಲಿಗೆ ತಗೊಂಡು ಹೋಗ್ತೀಯ ಹೇಳು? ಮುರಿದ ದಿನ ಅದು ಗುಜರಿ. ಗುಜರಿಯವನೂ ಒಪ್ಪಲ್ಲ. ಅವನ ಹತ್ತಿರ ಇರೋದು ಈ ಮ್ಯಾಗ್ನೆಟ್ಟೇ. ಉಕ್ಕಿನ ಕಡೆ ಅಂಟ್ತು, ಉಕ್ಕಿನ ರಾಶಿಗೆ ಹೋಯ್ತು, ಅಲ್ಯೂಮಿನಿಯಂ ಕುಲುಮೆಯಲ್ಲಿ ಸುಟ್ಟು ಕಿಟ್ಟವಾಯ್ತು. ತಪ್ಪಿ ಅಲ್ಯೂಮಿನಿಯಂ ರಾಶಿಗೆ ಹೋದ್ರೆ ಆ ಇಡೀ ಎರಕಕ್ಕೆ ಕಬ್ಬಿಣ ಬೆರೆತು ಕೆಡ್ತು. ಒಂದು ಸಲ ಬೆರೆತ ಕಬ್ಬಿಣವನ್ನ ಅಲ್ಯೂಮಿನಿಯಂನಿಂದ ಬಿಡಿಸೋದು ಅಂದ್ರೆ ಹಾಲಿಗೆ ಬಿದ್ದ ಉಪ್ಪು ಆರಿಸಿದ ಹಾಗೆ.

ಹೊಸಬಳು: ಅಡ್ಡಡ್ಡ ಕತ್ತರಿಸಿದ್ರೆ ಎರಡು ತುಂಡು ಸಾರ್. ಗೆರೆ ಎಲ್ಲಿದೆ ಅಂತ ಗೊತ್ತಿದ್ರೆ ಒಂದು ಗರಗಸ ಸಾಕು. ಪಟ್ಟಿ ಬಳಿದ ಉಕ್ಕಂತೂ ನೇರ ಉಕ್ಕಿನ ರಾಶಿಗೇ.

ಹಳಬರು: ಗುಜರಿಯವನಿಗೆ ಗೆರೆ ಎಲ್ಲಿದೆ ಅಂತ ಯಾರು ಹೇಳ್ತಾರೆ? ಬಣ್ಣ ಬಳಿದಿರ್ತೀರಿ.

ಹೊಸಬಳು: ಗುರುತು ಕೊರೆಯಬಹುದು.

ಹಳಬರು: ಕೊರೆದ ಗುರುತಿನಿಂದಲೇ ಬಿರುಕು ಹೊರಡುತ್ತೆ, ಗೊತ್ತಾ?

ಹೊಸಬಳು: ಅಯ್ಯೋ, ತುದಿಮುಖದಲ್ಲಿ ಕೊರೀತೀವಿ ಸಾರ್, ಅಲ್ಲಿ ಏನು ಬಲ ಬೀಳುತ್ತೆ! ನೀವು ಬೇಕು ಅಂತಲೇ ಹೀಗೆ ಹೇಳ್ತಿದ್ದೀರಿ.

ಹಳಬರು: ಇರಬಹುದು.

ಅಷ್ಟರಲ್ಲಿ ಟ್ಯೂಬ್‌ಲೈಟು ಎರಡು ಸಲ ಮಿಟುಕಿ ಹತ್ತಿತು. ಕಂಪ್ರೆಸರ್ ಗುಡುಗಿತು. ಮೂರನೇ ಲೇತಿನ ಹುಡುಗ ಇಷ್ಟು ಹೊತ್ತೂ ಗೋಡೆಗೆ ಒರಗಿ ಎಲ್ಲ ಕೇಳಿಸಿಕೊಳ್ಳುತ್ತಿದ್ದವನು, ನನ್ನ ಬುಷ್ಷಿನ ಕಡೆ ಹೋಗುತ್ತಾನೆ ಅಂದುಕೊಂಡೆ. ಅವನು ಮೇಜಿನ ಹತ್ತಿರ ಬಂದು ಸೀಳಿದ ಶಾಫ್ಟನ್ನು ಕೈಗೆತ್ತಿಕೊಂಡ. ಬೆಳ್ಳಗಿನ ಕಡೆ ಹೆಬ್ಬೆರಳಿಟ್ಟು, ನಿಧಾನಕ್ಕೆ ಗೆರೆ ದಾಟಿಸಿ ಮಂಕಿನ ಕಡೆ ತಂದ. ಮತ್ತೆ ಹಿಂದಕ್ಕೆ ತಂದ.

"ಅಲ್ಲಾ ಸಾರ್, ಇದನ್ನ ಟರ್ನ್ ಮಾಡೋದು ನಾನು ತಾನೆ? ಅಲ್ಯೂಮಿನಿಯಂಗೆ ಜೋರು ಸ್ಪೀಡು, ಉಕ್ಕಿಗೆ ಕಮ್ಮಿ. ಒಂದೇ ಕಟ್ಟಿನಲ್ಲಿ ಆ ಕಡೆಯಿಂದ ಈ ಕಡೆ ಬರಬೇಕು. ಅಲ್ಯೂಮಿನಿಯಂ ಟೂಲಿನ ಮೂತಿಗೆ ಮೆತ್ಕೊಂಡಿರುತ್ತೆ, ಗೆರೆ ಬಂದ ಕೂಡಲೇ ಉಕ್ಕು ಎದುರಾಗುತ್ತೆ. ಅಲ್ಲಿ ಟೂಲು ಹಾರಿ ಮೆಟ್ಟಿಲು ಬೀಳಲ್ವಾ? ಆ ಗೆರೆ ಹತ್ತಿರ ಸ್ಪೀಡು ಎಷ್ಟಿಡಲಿ?"

ಇಬ್ಬರೂ ಒಟ್ಟಿಗೆ ಬಾಯಿ ತೆರೆದರು. ಹಳಬರು ಒಂದು ಅಂಕಿ ಹೇಳಿದರು, ಹೊಸಬಳು ಅದರ ಎರಡರಷ್ಟು ಹೇಳಿದಳು. ಗೆರೆ ಬಾಗಿರುವುದರಿಂದ ಹೊರಮೈಯಲ್ಲಿ ಒಂದು ಕಡೆ ಬರುತ್ತೆ, ಒಳಗೆ ಕೆತ್ತುತ್ತಾ ಹೋದಂತೆ ಜಾಗ ಸರಿಯುತ್ತೆ ಎಂದು ಹುಡುಗನೇ ಸೇರಿಸಿದ. ಸೀಮೆಸುಣ್ಣ ಮತ್ತೆ ಹೊರಬಂತು. ಪ್ರೆಸ್ಸಿನ ಮೈಮೇಲಿದ್ದ ಹಳೆಯ ಲೆಕ್ಕವನ್ನು ಹುಡುಗಿ ಅಂಗೈಯಿಂದಲೇ ಒರೆಸಿದಳು.

ನನ್ನ ಬುಷ್ಷು ಅವತ್ತು ಆಗಲಿಲ್ಲ. ಸೋಮವಾರ ಬನ್ನಿ ಅಂದರು.